ಚನ್ನಪಟ್ಟಣದ ಗಾಜಿನ ಕುಲುಮೆಯನ್ನು ದಾಖಲಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್

ಮನೆಗೆ ಬಂದ ಅತಿಥಿಯ ಮುಂದೆ ಇರಿಸುವ ಗಾಜಿನ ಲೋಟ ಯಾವ ಮಣ್ಣಿನಿಂದ ಹುಟ್ಟಿತು, ಯಾರ ಕೈಯಲ್ಲಿ ರೂಪ ಪಡೆಯಿತು ಎಂದು ಕೇಳುವವರು ವಿರಳ. ಎರಡು ಶತಮಾನಗಳಿಗೂ ಹಿಂದೆ, 1800ರಲ್ಲಿ, ಮೈಸೂರು ಸೀಮೆಯ ಊರೂರು ಅಲೆದು ಇಂತಹ ಪ್ರಶ್ನೆಗಳನ್ನೇ ಕೇಳುತ್ತ ಹೋದವರು ಸ್ಕಾಟ್ಲೆಂಡಿನ ವೈದ್ಯ ಡಾ. ಫ್ರಾನ್ಸಿಸ್ ಬುಕಾನನ್. ಚನ್ನಪಟ್ಟಣದಲ್ಲಿ ಒಂದು ಕಾಲಕ್ಕೆ ಗಾಜಿನ ಕುಲುಮೆಗಳು ಉರಿಯುತ್ತಿದ್ದವು ಎಂಬ ಸಂಗತಿ ಇಂದಿಗೂ ಉಳಿದುಬಂದಿರುವುದಕ್ಕೆ ಅವರ ಬರಹ ಒಂದು ಮುಖ್ಯ ಕಾರಣ. ರಾಮಗಿರಿ, ಚನ್ನಪಟ್ಟಣ, ಮಾಗಡಿ ಮತ್ತು ಅಂದು ಕಾನಕಾನಹಳ್ಳಿ ಎನಿಸಿದ್ದ ಕನಕಪುರ, ಈ ನಾಲ್ಕೂ ಕಡೆ ಅವರ ಹೆಜ್ಜೆ ಬಿದ್ದಿತ್ತು.

ಗಿಡಮೂಲಿಕೆಯ ಮೋಹ

ಬುಕಾನನ್ ಜನಿಸಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನ ಪರ್ತ್‌ಶೈರ್ ಪ್ರಾಂತದ ಕ್ಯಾಲಂಡರ್ ಬಳಿ. ತಂದೆ ಥಾಮಸ್ ಬುಕಾನನ್. ತಾಯಿ ಎಲಿಜಬೆತ್ ಹ್ಯಾಮಿಲ್ಟನ್, ಬಾರ್ಡೋವಿ ಎಂಬ ಎಸ್ಟೇಟಿನ ವಾರಸುದಾರಿಣಿ. ಫ್ರಾನ್ಸಿಸ್ ಹಿರಿಯ ಮಗನಲ್ಲ. ಆಸ್ತಿ ಹಿರಿಯರ ಪಾಲಿಗೆ ಹೋಗುತ್ತಿದ್ದ ಆ ಕಾಲದಲ್ಲಿ ಕಿರಿಯ ಮಕ್ಕಳು ಒಂದು ವೃತ್ತಿಯನ್ನು ಹಿಡಿಯಲೇಬೇಕಿತ್ತು. 1779ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಪದವಿ ಪಡೆದು, 1783ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಕೀಯ ಪದವಿ ಪೂರೈಸಿದರು. ಅಲ್ಲಿ ಜಾನ್ ಹೋಪ್ ಅವರಿಂದ ಸಸ್ಯಶಾಸ್ತ್ರದ ಪಾಠ ದೊರೆಯಿತು. ಮುಂದೆ ಲಂಡನ್ನಿನಲ್ಲಿ ಲಿನಿಯನ್ ಸೊಸೈಟಿ ಸ್ಥಾಪಿಸಿದ ಜೇಮ್ಸ್ ಎಡ್ವರ್ಡ್ ಸ್ಮಿತ್ ಅವರ ಸಹಪಾಠಿ. ವೃತ್ತಿ ವೈದ್ಯನದಾದರೂ ಮನಸ್ಸು ಗಿಡಮರಗಳ ಕಡೆಗಿತ್ತು.

ಪದವಿಯ ಬಳಿಕ ಕೆಲವು ವರ್ಷ ಏಷ್ಯಾದ ಕಡೆಗೆ ಬರುತ್ತಿದ್ದ ಹಡಗುಗಳಲ್ಲಿ ವೈದ್ಯರಾಗಿ ದುಡಿದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಯನ್ನು ಸೇರಿದರು. ಮರುವರ್ಷವೇ ಕ್ಯಾಪ್ಟನ್ ಮೈಕೇಲ್ ಸೈಮ್ಸ್ ನೇತೃತ್ವದ ನಿಯೋಗದೊಂದಿಗೆ ಬರ್ಮಾದ ಆವಾ ದರ್ಬಾರಿಗೆ ಹೋಗಿಬಂದರು. 1798ರಲ್ಲಿ ಚಿತ್ತಗಾಂಗ್ ಸೀಮೆಯ ಪರಿಶೀಲನೆಗೆ ನೇಮಕವಾಯಿತು. ಕಂಡದ್ದನ್ನು ಅಂದಂದೇ ದಿನಚರಿಯಲ್ಲಿ ಬರೆದಿಡುವ ಅಭ್ಯಾಸ ಈ ಯಾತ್ರೆಗಳಲ್ಲಿ ಗಟ್ಟಿಯಾಯಿತು.

ಕಂಪನಿಯವರ ಮೇಜಿನ ಮೇಲಿನ ಗಾಜು

ಬುಕಾನನ್ ಒಡನಾಡುತ್ತಿದ್ದ ಕಂಪನಿ ಅಧಿಕಾರಿಗಳ ಸಮಾಜದಲ್ಲಿ ಮನೆಯ ಔತಣ ದೊಡ್ಡ ಸಂಗತಿ. ಗೃಹಸ್ಥನ ಅಂತಸ್ತನ್ನು ಅಳೆಯಲು ಅವನ ಮೇಜಿನ ಗಾಜೇ ಸಾಕಾಗುತ್ತಿತ್ತು. ವೈನ್ ತುಂಬಿಡಲು ಗಾಜಿನ ಬಿರಡೆಯುಳ್ಳ ಡಿಕ್ಯಾಂಟರ್. ಕುಡಿಯಲು ಕಾಲುಳ್ಳ ಪುಟ್ಟ ಗ್ಲಾಸು. ನೀರು ಬೆರೆಸಿದ ಮದ್ಯಕ್ಕೆ ಅಗಲ ಬಾಯಿಯ ದಪ್ಪ ಗ್ಲಾಸು. ಒಂದು ವೈನ್ ಮುಗಿದು ಇನ್ನೊಂದು ಬರುವ ಮೊದಲು ಗ್ಲಾಸನ್ನು ಅದ್ದಿ ತೊಳೆಯಲು ಒಂದು ಬಟ್ಟಲು. ಊಟದ ಕೊನೆಗೆ ಬೆರಳು ತೊಳೆಯಲು ಇನ್ನೊಂದು. ಪಂಖದ ಗಾಳಿಗೆ ಮೇಣದಬತ್ತಿ ಆರದಂತೆ ಸುತ್ತಲೂ ಎತ್ತರದ ಗಾಜಿನ ಮರೆ. ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಪಾತ್ರೆಯನ್ನು ಇಟ್ಟು ಪಾನೀಯ ತಣಿಸಲೆಂದೇ ಆಬ್ದಾರ್ ಎಂಬ ಆಳು ಇರುತ್ತಿದ್ದ.

ಈ ಗಾಜಿನ ಸಾಮಾನಿನಲ್ಲಿ ಬಹುಪಾಲು ಹಡಗಿನಲ್ಲಿ ಬಂದದ್ದು. 1674ರಲ್ಲಿ ಲಂಡನ್ನಿನ ಜಾರ್ಜ್ ರೇವೆನ್ಸ್‌ಕ್ರಾಫ್ಟ್ ಸೀಸ ಬೆರೆಸಿದ ಗಾಜಿಗೆ ಸನ್ನದು ಪಡೆದ ಮೇಲೆ ಇಂಗ್ಲೆಂಡಿನ ಗಾಜು ತೂಕಕ್ಕೂ ಹೊಳಪಿಗೂ ಹೆಸರಾಯಿತು. ಬೆರಳಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರುವುದು ಈ ಸೀಸದ ಗಾಜಿನ ಗುರುತು. ಆದರೆ 1745ರಲ್ಲಿ ಬ್ರಿಟಿಷ್ ಸರ್ಕಾರ ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ಸುಂಕ ಹೇರಿ, ಮುಂದೆ ಅದನ್ನು ಏರಿಸುತ್ತಲೂ ಹೋಯಿತು. ಕುಶಲಕರ್ಮಿಗಳು ಗ್ಲಾಸಿನ ಗಾತ್ರ ತಗ್ಗಿಸಿ, ಕಾಲು ತೆಳುವಾಗಿಸಿ, ಕೆತ್ತನೆಯಿಂದ ಅಂದ ಹೆಚ್ಚಿಸುವ ಹಾದಿ ಹಿಡಿದರು. ಆ ಸುಂಕ ರದ್ದಾದದ್ದು 1845ರಲ್ಲಿ. ಹೀಗೆ ಮದರಾಸಿನಲ್ಲೋ ಶ್ರೀರಂಗಪಟ್ಟಣದಲ್ಲೋ ಅತಿಥಿಯ ಕೈಗೆ ಬರುತ್ತಿದ್ದ ಗ್ಲಾಸಿನ ಆಕಾರವನ್ನು ಲಂಡನ್ನಿನ ತೆರಿಗೆ ತೀರ್ಮಾನಿಸಿತ್ತು.

ಮೈಸೂರು ಸೀಮೆಗೆ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಬಳಿಕ, ಹೊಸದಾಗಿ ಕೈಸೇರಿದ ಹಾಗೂ ಒಡೆಯರ ವಂಶಕ್ಕೆ ಮರಳಿದ ಪ್ರದೇಶಗಳ ಸ್ಥಿತಿಗತಿ ತಿಳಿಯುವುದು ಕಂಪನಿಗೆ ಅಗತ್ಯವಾಯಿತು. ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಕೆಲಸಕ್ಕೆ ಬುಕಾನನ್ ಅವರನ್ನು ಆರಿಸಿದರು. ಬೇಸಾಯ, ಜಾನುವಾರು, ಗೇಣಿ, ಹತ್ತಿ, ಮೆಣಸು, ಶ್ರೀಗಂಧ, ಗಣಿ, ಕೈಗಾರಿಕೆ, ಹವೆ, ಜನಜೀವನ, ಹೀಗೆ ತಿಳಿಯಬೇಕಾದ ವಿಷಯಗಳ ಪಟ್ಟಿ ಉದ್ದವಿತ್ತು. 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟ ಅವರು ಮೈಸೂರು, ಕೊಯಮತ್ತೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿ ಮದರಾಸಿಗೆ ಮರಳಿದ್ದು 1801ರ ಜುಲೈ 6ರಂದು. ದಿವಾನ್ ಪೂರ್ಣಯ್ಯ ಮತ್ತು ರೆಸಿಡೆಂಟ್ ಬ್ಯಾರಿ ಕ್ಲೋಸ್ ಅವರಿಗೆ ನೆರವಾದರು.

ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ದಾರಿ ಸತತ ಯುದ್ಧಗಳಿಂದ ನಲುಗಿತ್ತು. 1791ರ ಡಿಸೆಂಬರಿನಲ್ಲಿ ಸಾವನದುರ್ಗ ಮತ್ತು ರಾಮಗಿರಿ ಕಾರ್ನ್‌ವಾಲಿಸನ ಸೇನೆಯ ವಶವಾಗಿದ್ದವು. ಕಾನಕಾನಹಳ್ಳಿ ಶತ್ರುವಿಗೆ ಉಪಯೋಗವಾಗಬಾರದೆಂದು ಟಿಪ್ಪುವೇ ಅದನ್ನು ಹಾಳುಗೆಡವಿದ್ದರು. ರಾಮಗಿರಿಯ ಬಳಿ ಹೊಸ ಪೇಟೆಯೊಂದು ಹುಟ್ಟಿದ್ದು ಇದೇ 1800ರಲ್ಲಿ. ರೆಸಿಡೆಂಟನ ಹೆಸರಿನಿಂದ ಕ್ಲೋಸ್‌ಪೇಟೆ ಎನಿಸಿದ ಆ ಊರೇ ಮುಂದೆ ರಾಮನಗರವಾಯಿತು. ಈ ನಾಲ್ಕೂ ತಾಲ್ಲೂಕುಗಳು ಸೇರಿ 2007ರಲ್ಲಿ ರಾಮನಗರ ಜಿಲ್ಲೆ ರಚನೆಯಾಗಿ, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು.

ಕುಲುಮೆಯಿಂದ ಬಂದ ಬಳೆ

ಜಗದೇವರಾಯನ ಕೋಟೆಯಿದ್ದ ಚನ್ನಪಟ್ಟಣದಲ್ಲಿ ಬುಕಾನನ್ ಕಂಡ ಕಸುಬುಗಳು ಹಲವು. ವೀಣೆ ಮೊದಲಾದ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು ಇಲ್ಲಿ ಎಳೆಯುತ್ತಿದ್ದರು. ಅದಕ್ಕೆ ದೂರದೂರದ ಸೀಮೆಗಳಲ್ಲಿ ಬೇಡಿಕೆಯಿತ್ತು. ಬಹು ನಯವಾದ ಬಿಳಿ ಸಕ್ಕರೆ ತಯಾರಿಸುವ ವಿದ್ಯೆಯೂ ಊರಿನಲ್ಲಿತ್ತು. ಇವುಗಳ ಜೊತೆಗೆ ಗಾಜಿನ ಕೆಲಸ. ಬುಕಾನನ್ ಇದನ್ನೂ ಬಿಡದೆ ಬರೆದುಕೊಂಡರು. 1801ರಲ್ಲಿ ಮರಳಿ ಬರುವಾಗ ಚಿತ್ರದುರ್ಗ ಸೀಮೆಯ ಮತ್ತೋಡಿನಲ್ಲಿ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣದ ಗಾಜಿನ ತಯಾರಿಕೆಯನ್ನು ಇನ್ನಷ್ಟು ವಿವರವಾಗಿ ದಾಖಲಿಸಿದರು.

ಈ ನಾಡಿನ ಗಾಜಿಗೆ ಬೇಕಾದ ಸಾಮಗ್ರಿ ಸುತ್ತಮುತ್ತಲ ನೆಲದಲ್ಲೇ ದೊರೆಯುತ್ತಿತ್ತು. ಅಗಸರು ಬಟ್ಟೆ ಒಗೆಯಲು ಬಳಸುವ ಚೌಳು ಮಣ್ಣಿನಿಂದ ಸೋಡಾ, ಬೆಣಚುಕಲ್ಲಿನ ಪುಡಿಯಿಂದ ಮರಳಿನ ಸತ್ವ. ಇವೆರಡನ್ನೂ ಮಣ್ಣಿನ ಮೂಸೆಯಲ್ಲಿ ಹಾಕಿ, ಹಗಲಿರುಳು ಸೌದೆ ಉರಿಸಿ ಕರಗಿಸಬೇಕು. ಕರಗಿದ ಗಾಜನ್ನು ಕಬ್ಬಿಣದ ಸಲಾಕೆಯಲ್ಲಿ ಎತ್ತಿ, ಉಂಗುರವಾಗಿಸಿ, ಶಂಕುವಿನಂತಹ ಅಚ್ಚಿನ ಮೇಲೆ ತಿರುಗಿಸಿ ಹಿಗ್ಗಿಸಿದರೆ ಬಳೆ. ಕೆಲವೇ ಕ್ಷಣಗಳಲ್ಲಿ ಮುಗಿಯಬೇಕಾದ ಕೆಲಸವಿದು. ಗಾಜು ತಣಿದರೆ ಅಲ್ಲಿಗೆ ಮುಗಿಯಿತು.

ಇಷ್ಟು ಬಲ್ಲ ಕುಶಲಕರ್ಮಿಗಳ ಗಾಜು ಔತಣದ ಲೋಟವಾಗಿ ಹೆಸರು ಮಾಡಲಿಲ್ಲವೇಕೆ? ಕಾರಣ ಮಣ್ಣಿನಲ್ಲೇ ಇದೆ. ಚೌಳು ಮಣ್ಣಿನಲ್ಲೂ ಕಲ್ಲಿನಲ್ಲೂ ಸೇರಿರುವ ಕಬ್ಬಿಣದ ಅಂಶ ಗಾಜಿಗೆ ಹಸಿರು ಛಾಯೆ ಕೊಡುತ್ತದೆ, ಹೆಚ್ಚಾದರೆ ಕಪ್ಪಾಗಿಸುತ್ತದೆ. ಅದನ್ನು ಕಳೆದು ನೀರಿನಂತೆ ತಿಳಿಯಾಗಿಸಲು ಆರಿಸಿದ ಮರಳು, ಅಳತೆಯರಿತು ಸೇರಿಸಿದ ಮ್ಯಾಂಗನೀಸ್ ಬೇಕು. ಊದಿ ಮಾಡಿದ ಲೋಟವನ್ನು ಬೇರೆ ಒಲೆಯಲ್ಲಿಟ್ಟು ನಿಧಾನವಾಗಿ ತಣಿಸದಿದ್ದರೆ ಅದು ತಾನಾಗಿಯೇ ಬಿರಿಯುತ್ತದೆ. ಬಳೆಗೆ ಇವ್ಯಾವುದರ ಹಂಗೂ ಅಷ್ಟಿಲ್ಲ. ವೈನ್ ಗ್ಲಾಸಿನಲ್ಲಿ ದೋಷವೆನಿಸುವ ಹಸಿರು, ಮುತ್ತೈದೆಯ ಕೈಯಲ್ಲಿ ಮಂಗಳದ ಬಣ್ಣ.

ಹಾಗೆ ನೋಡಿದರೆ ಈ ಸೀಮೆಯ ಮನೆಗಳಲ್ಲಿ ಅತಿಥಿ ಸತ್ಕಾರಕ್ಕೆ ಗಾಜು ಬಳಕೆಯಾಗುತ್ತಲೇ ಇತ್ತು. ಮದುವೆ, ಸೀಮಂತ, ಗೌರಿ ಹಬ್ಬಗಳಿಗೆ ಬಂದ ಹೆಣ್ಣುಮಕ್ಕಳಿಗೆ ಅರಿಸಿನ ಕುಂಕುಮದೊಂದಿಗೆ ಬಳೆ ಕೊಡುವುದು, ಬಳೆಗಾರನನ್ನು ಜಗುಲಿಯಲ್ಲಿ ಕೂರಿಸಿ ಬಂದವರಿಗೆಲ್ಲ ಬಳೆ ತೊಡಿಸುವುದು ರೂಢಿ. ಯುರೋಪಿನವರು ಗಾಜನ್ನು ಅತಿಥಿಯ ತುಟಿಗೆ ಕೊಟ್ಟರು. ಇಲ್ಲಿನವರು ಅತಿಥಿಯ ಕೈಗೆ ತೊಡಿಸಿದರು. ಅಲ್ಲಿ ಔತಣ ಮುಗಿದ ಮೇಲೆ ಗಾಜು ಮನೆಯ ಬೀರುವಿಗೆ ಮರಳುತ್ತದೆ. ಇಲ್ಲಿ ಅತಿಥಿಯೊಡನೆ ಹೊರಟುಹೋಗುತ್ತದೆ.

ಲೋಹದ ಲೋಟ, ಗಾಜಿನ ಲೋಟ

ಕುಡಿಯಲು ಕೊಡುವ ಪಾತ್ರೆಯ ಆಯ್ಕೆಯಲ್ಲೂ ಈ ನಾಡಿಗೆ ತನ್ನದೇ ವಿವೇಕವಿತ್ತು. ದಣಿದು ಬಂದವರಿಗೆ ಬೆಲ್ಲ, ಹಿತ್ತಾಳೆ ಚೊಂಬಿನಲ್ಲಿ ನೀರು. ಬಿಸಿ ಹಾಲಿಗೆ ಕಂಚು, ಉಳ್ಳವರಲ್ಲಿ ಬೆಳ್ಳಿ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದರೆ ಲೋಹ ಮತ್ತೆ ಹೊಸದಾಗುತ್ತದೆ, ಬಿದ್ದರೂ ಒಡೆಯುವುದಿಲ್ಲ. ಆದರೆ ಹಿತ್ತಾಳೆಯಲ್ಲಿ ಮಜ್ಜಿಗೆಯನ್ನಾಗಲಿ ನಿಂಬೆಹಣ್ಣಿನ ಪಾನಕವನ್ನಾಗಲಿ ಇಟ್ಟರೆ ಕಿಲುಬು ಹತ್ತುತ್ತದೆ. ಅದಕ್ಕೆ ಕಲಾಯಿ ಬೇಕು. ಹುಳಿಗೆ ಅಂಜದಿರುವುದು ಗಾಜಿನ ಗುಣ. ಬಿಸಿಗೆ ಅಂಜುವುದು ಅದರ ದೋಷ. ದಪ್ಪ ಗಾಜಿಗೆ ಕುದಿಯುವ ದ್ರವ ಬಿದ್ದಾಗ ಒಳಮೈ ಹಿಗ್ಗಿ ಹೊರಮೈ ಹಾಗೆಯೇ ಉಳಿಯುವುದರಿಂದ ಅದು ಸೀಳುತ್ತದೆ. ತೆಳು ಗಾಜಿನಲ್ಲಿ ಈ ಭಯ ಕಡಿಮೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿ ಆಟೊ ಶಾಟ್ ಅಭಿವೃದ್ಧಿಪಡಿಸಿದ ಬೋರಾನ್ ಬೆರೆತ ಗಾಜು ಶಾಖವನ್ನು ತಾಳಿಕೊಂಡಿತು; 1915ರಿಂದ ಅದೇ ಬಗೆಯ ಗಾಜು ಪೈರೆಕ್ಸ್ ಹೆಸರಿನಲ್ಲಿ ಅಡುಗೆಮನೆ ಸೇರಿತು.

ಇಂದಿನ ಗೃಹಸ್ಥರಿಗೂ ಲೆಕ್ಕ ಇದೇ. ಪಾನಕ, ಮಜ್ಜಿಗೆ, ಹಣ್ಣಿನ ರಸಕ್ಕೆ ಸಾಮಾನ್ಯ ಸೋಡಾ ಗಾಜಿನ ನೇರ ಲೋಟ ಸಾಕು. ಕಾಫಿ, ಟೀಗೆ ಶಾಖ ತಾಳುವ ಗಾಜು ಅಥವಾ ಹಳೆಯ ಲೋಹದ ಲೋಟವೇ ಸೂಕ್ತ. ಕಾಲುಳ್ಳ ಗ್ಲಾಸಿನ ಉದ್ದೇಶ ಕೈಯ ಬಿಸಿ ತಣ್ಣನೆಯ ಪಾನೀಯಕ್ಕೆ ತಾಗದಂತೆ ತಡೆಯುವುದು. ಬಟ್ಟಲನ್ನೇ ಹಿಡಿದು ಕುಡಿದರೆ ಆ ಕಾಲು ವ್ಯರ್ಥ. ಬುಕಾನನ್ ಕಾಲದ ಸೀಸದ ಗಾಜಿನ ಬಗ್ಗೆ ಅಂದು ತಿಳಿಯದಿದ್ದ ಒಂದು ಸಂಗತಿ ಇಂದು ತಿಳಿದಿದೆ. ವೈನ್ ಅಥವಾ ಹುಳಿ ರಸವನ್ನು ಅಂತಹ ಹೂಜಿಯಲ್ಲಿ ದಿನಗಟ್ಟಲೆ ಇಟ್ಟರೆ ಸೀಸ ಪಾನೀಯಕ್ಕೆ ಇಳಿಯುತ್ತದೆ. ಹಿರಿಯರಿಂದ ಬಂದ ಹೊಳಪಿನ ಡಿಕ್ಯಾಂಟರನ್ನು ಸಂಗ್ರಹಕ್ಕೆ ಬಳಸದಿರುವುದೇ ಲೇಸು.

ಮಾಗಡಿಯ ಉಕ್ಕು, ಕಾನಕಾನಹಳ್ಳಿಯ ಹಾದಿ

ಗಾಜಿನಂತೆಯೇ ಉಕ್ಕನ್ನೂ ಮೂಸೆಯಲ್ಲಿ ತಯಾರಿಸುವ ವಿದ್ಯೆ ಮಾಗಡಿ ಸೀಮೆಯಲ್ಲಿತ್ತು. ಅಲ್ಲಿನ ಘಟ್ಟಿಪುರದ ಕಬ್ಬಿಣ ಮತ್ತು ಉಕ್ಕಿನ ಕುಲುಮೆಗಳನ್ನು ಬುಕಾನನ್ ಬಣ್ಣಿಸಿದ್ದಾರೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನೊಡನೆ ತಂಗಡಿ ಗಿಡದ ಕಡ್ಡಿ ಇಟ್ಟು ಬಾಯಿ ಮುಚ್ಚಿ ಕಾಯಿಸಿದರೆ, ಸಸ್ಯದ ಇಂಗಾಲ ಸೇರಿ ಕಬ್ಬಿಣ ಉಕ್ಕಾಗುತ್ತಿತ್ತು. ಸಾವನದುರ್ಗದ ಸುತ್ತಲ ಕಾಡಿನ ಮರಗಳನ್ನು ಸ್ಥಳೀಯ ಹೆಸರುಗಳೊಂದಿಗೆ ಪಟ್ಟಿ ಮಾಡಿದ್ದೂ ಈ ಯಾತ್ರೆಯಲ್ಲೇ. ಬಳಿಕ ಕೊಯಮತ್ತೂರಿನ ಕಡೆಗೆ ಹೊರಟಾಗ ಪಾಳುಬಿದ್ದ ಕಾನಕಾನಹಳ್ಳಿಯನ್ನು ಹಾದುಹೋದರು.

ಅವರ ಬರಹಕ್ಕೆ ಮಿತಿಗಳೂ ಇವೆ. ಕನ್ನಡ ಬಾರದ ಅವರು ದುಭಾಷಿಗಳನ್ನು ನೆಚ್ಚಿದ್ದರು. ಊರಿನ ಹೆಸರುಗಳು ಅವರ ಲೇಖನಿಯಲ್ಲಿ ಗುರುತು ಸಿಗದಷ್ಟು ಬದಲಾದವು. ಹಲವು ಜನವರ್ಗಗಳ ಬಗೆಗಿನ ಮಾತುಗಳಲ್ಲಿ ಆಳುವವನ ಗತ್ತು ಇದೆ. ಆದಾಯ ಹೆಚ್ಚಿಸುವ ಕಂಪನಿಯ ಆಸೆ ಇಡೀ ಯಾತ್ರೆಯ ಹಿಂದಿತ್ತು. ಹಾಗಿದ್ದರೂ ಬಳೆ ಮಾಡುವವರ ಹಾಗೂ ಕಬ್ಬಿಣ ಕರಗಿಸುವವರ ಕೆಲಸವನ್ನು ಹೊಲದ ಬೆಳೆಯಷ್ಟೇ ಗಂಭೀರವಾಗಿ ವಿಚಾರಿಸಿದ್ದು ಅವರ ಹೆಚ್ಚುಗಾರಿಕೆ. ಈ ಯಾತ್ರೆಯ ವೃತ್ತಾಂತ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು.

ಕೈತಪ್ಪಿದ ಚಿತ್ರಗಳು

ಮುಂದೆ 1802ರಲ್ಲಿ ನೇಪಾಳಕ್ಕೆ ಹೋಗಿ ಬಂದ ಬುಕಾನನ್, ವೆಲ್ಲೆಸ್ಲಿಯ ವೈದ್ಯರಾಗಿ, ಕಲ್ಕತ್ತೆಯ ಬಳಿಯ ಬ್ಯಾರಕ್‌ಪುರದ ಪ್ರಾಣಿಸಂಗ್ರಹದ ಮೇಲ್ವಿಚಾರಕರಾಗಿ ಕೆಲಸ ಮಾಡಿದರು. 1807ರಿಂದ 1814ರವರೆಗೆ ಬಂಗಾಳ, ಬಿಹಾರ ಸೀಮೆಗಳ ಬೃಹತ್ ಸಮೀಕ್ಷೆ ನಡೆಸಿದರು. ಗಂಗಾನದಿಯ ಮೀನುಗಳ ಕುರಿತ ಅವರ ಗ್ರಂಥ 1822ರಲ್ಲಿ ಹೊರಬಂತು. ಕರ್ನಾಟಕದ ಕೆರೆಗಳಲ್ಲಿ ಇಂದು ಸಾಕುವ ರೋಹು, ಕಾಟ್ಲಾ ಮೀನುಗಳ ವೈಜ್ಞಾನಿಕ ಹೆಸರಿನ ಜೊತೆಗೆ ಹ್ಯಾಮಿಲ್ಟನ್ ಎಂದು ಬರೆಯುವುದು ಅವರನ್ನು ಕುರಿತೇ. ತಾಯಿಯ ಕಡೆಯ ಆಸ್ತಿ ಬಂದಾಗ ಅವರು ತಳೆದ ಹೆಸರು ಅದು.

1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥರಾದರೂ ಮರುವರ್ಷವೇ ತಾಯ್ನಾಡಿಗೆ ಹೊರಟರು. ವರ್ಷಗಟ್ಟಲೆ ಚಿತ್ರಕಾರರಿಂದ ಬರೆಸಿದ ಸಸ್ಯಚಿತ್ರಗಳನ್ನು ಜೊತೆಗೆ ಒಯ್ಯಲು ಅಂದಿನ ಗವರ್ನರ್ ಜನರಲ್ ಲಾರ್ಡ್ ಮೊಯಿರಾ ಬಿಡಲಿಲ್ಲ. ಅವು ಕಂಪನಿಯ ಸ್ವತ್ತೆಂದು ಕಲ್ಕತ್ತೆಯಲ್ಲೇ ಉಳಿಸಿಕೊಳ್ಳಲಾಯಿತು. ಈ ನೋವಿನೊಂದಿಗೆ ಮರಳಿದ ಅವರು 1829ರ ಜೂನ್ 15ರಂದು ಸ್ಕಾಟ್ಲೆಂಡಿನಲ್ಲಿ ನಿಧನರಾದರು.

ಚನ್ನಪಟ್ಟಣದ ಗಾಜು ಅವರ ಬಳಿಕವೂ ಕೆಲಕಾಲ ಉಳಿದಿತ್ತು. ಬಿ.ಎಲ್. ರೈಸ್ ಅವರ 1897ರ ಮೈಸೂರು ಗೆಜೆಟಿಯರ್ ಈ ಊರಿನ ಅರಗಿನ ಸಾಮಾನು, ವಾದ್ಯದ ತಂತಿಗಳ ಜೊತೆಗೆ ಗಾಜಿನ ಬಳೆಯನ್ನೂ ಹೆಸರಿಸುತ್ತದೆ. ಅರಗಿನ ಕಸುಬು ಹಾಲೆಮರದ ಬೊಂಬೆಗಳಾಗಿ ಬೆಳೆದು, ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆಯಿತು. ಬಳೆಯ ವ್ಯಾಪಾರ ಉತ್ತರ ಪ್ರದೇಶದ ಫಿರೋಜಾಬಾದಿನ ಕಾರ್ಖಾನೆಗಳ ಪಾಲಾಯಿತು. ಚನ್ನಪಟ್ಟಣದ ಗಾಜಿನ ಕುಲುಮೆ ಆರಿತು. ಮಣ್ಣಿನ ಹೆಸರು, ಬಣ್ಣದ ಹೆಸರು, ಮರದ ಹೆಸರು ಎಲ್ಲವನ್ನೂ ಕೇಳಿ ಬರೆದ ಬುಕಾನನ್ ಕುಲುಮೆಯ ಮುಂದೆ ಬೆವರಿದವರ ಹೆಸರನ್ನು ಉಳಿಸಲಿಲ್ಲ. ಅವರ ಸ್ವಂತ ಶ್ರಮದ ಚಿತ್ರಗಳೂ ಕೊನೆಗೆ ಬೇರೆಯವರ ಸ್ವತ್ತಾದವು. ಹಬ್ಬದ ದಿನ ಮನೆಗೆ ಬಂದವರಿಗೆ ಹಸಿರು ಬಳೆ ತೊಡಿಸುವಾಗ, ಪಾನಕದ ಲೋಟ ಕೈಗಿಡುವಾಗ, ಹೆಸರು ಉಳಿಯದ ಆ ಕುಶಲಕರ್ಮಿಗಳನ್ನು ನೆನೆಯುವುದು ಸಲ್ಲುವ ಮಾತು.